ಸೋರೆಬುರುಡೆ ತೊಳೆದ ನೀರು

ಚಳಿಗಾಲ ಬಂತೆಂದರೆ ನೀಲಾಂಬಿಕಾಗೆ ಕೈತುಂಬ ಕೆಲಸ. ಟೊರೊಂಟೊ ಸುತ್ತಲಿನ ಮನೆಗಳಲ್ಲಿ ಫರ್ನೇಸು ಬಿಡುವಿಲ್ಲದೆ ಬಿಸಿಗಾಳಿ ಊದುತ್ತದೆ. ಮನೆಮಂದಿ ಕೈಕಾಲಿಗೆ ಕ್ರೀಮು ಬಳಿದುಕೊಳ್ಳುತ್ತಾರೆ, ಮೂಲೆಯಲ್ಲಿ ನಿಂತ ತಂಬೂರಿಗೆ ಬಳಿಯುವವರು ಯಾರು? ಜನವರಿ ಮುಗಿಯುವಷ್ಟರಲ್ಲಿ ಮಿಲ್ಟನ್‌ನಿಂದ ವಿಟ್ಬಿಯವರೆಗಿನ ತಂಬೂರಿಗಳ ಸೋರೆಬುರುಡೆಗಳೆಲ್ಲ ಬಿರುಕು ಬಿಟ್ಟು ಸ್ಕಾರ್‌ಬರೋದ ಅವಳ ಅಂಗಡಿಗೆ ಬಂದು ಬೀಳುತ್ತಿದ್ದವು. ಅಂಗಡಿಯೆಂದರೆ ದೊಡ್ಡದೇನಲ್ಲ, ಸ್ಟ್ರಿಪ್ ಮಾಲಿನ ಹಿಂಬದಿಯ ಒಂದೇ ಕೋಣೆ. ಎಡಕ್ಕೆ ಹಲಾಲ್ ಪಿಜ್ಜಾ, ಬಲಕ್ಕೆ ಟ್ಯಾಕ್ಸ್ ತುಂಬಿಕೊಡುವವನು. ಅವಳ ಅಪ್ಪ ಮಿರಜಿನ ಉಸ್ತಾದರ ಹತ್ತಿರ ಕಲಿತು ಬಂದು ಧಾರವಾಡದಲ್ಲಿ ತಂಬೂರಿ ರಿಪೇರಿ ಮಾಡುತ್ತಿದ್ದ. ಗಂಡುಮಕ್ಕಳು ಮೂಗು ಮುರಿದ ವಿದ್ಯೆ ಮಗಳ ಕೈಗೆ ಬಂದಿತ್ತು.

ಕಿಟಕಿಯ ಪಕ್ಕದ ಕುರ್ಚಿ ತಾಯಿ ಚನ್ನಬಸವ್ವನದು. ಎಪ್ಪತ್ತೆಂಟು ವರ್ಷ. ಮನೆಯಲ್ಲಿ ಗೋಡೆ ನೋಡುತ್ತ ಕೂರಲೊಲ್ಲೆ ಎಂದು ಹಟ ಹಿಡಿದು ದಿನಾ ಮಗಳ ಜೊತೆ ಬಂದು ಕೌದಿ ಹೊಲಿಯುತ್ತ ಕೂರುತ್ತಿದ್ದಳು. ಅವಳ ನೆನಪೋ, ಭಯಂಕರ. ನವಲಗುಂದದ ಕಡೆಯ ತನ್ನ ತವರಲ್ಲಿ ಮೊಹರಮ್ಮಿಗೆ ಲಿಂಗಾಯತರ ಗಂಡಸರೇ ಬೆಂಕಿ ಕುಣಿಯ ಸುತ್ತ ನಿಂತು ಹಾಡುತ್ತಿದ್ದ ರಿವಾಯತ್ ಪದಗಳು, ಬೀಸುವ ಪದಗಳು, ಯಾವ ಮನೆಯ ಹುಡುಗಿಯನ್ನು ಯಾವ ಊರಿಗೆ ಕೊಟ್ಟರು, ಆ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟರು, ಎಲ್ಲವೂ ಬಾಯಲ್ಲೇ. ನೀಲಾಂಬಿಕಾ ಒಂದನ್ನೂ ಬರೆದಿಟ್ಟಿರಲಿಲ್ಲ. ಅವ್ವ ಇದ್ದಾಳಲ್ಲ, ಬರೆಯುವುದೇಕೆ ಎಂಬ ಧೈರ್ಯ.

೨೦೧೮ರ ಫೆಬ್ರವರಿಯ ಮೊದಲ ವಾರ ಸಂಕುಂಗ್ ಕಾನುತೆ ಎಂಬವನು ಕಂಬಳಿಯಲ್ಲಿ ಸುತ್ತಿದ ವಾದ್ಯವೊಂದನ್ನು ಎತ್ತಿಕೊಂಡು ಬಂದ. ಗ್ಯಾಂಬಿಯಾದವನು, ಮಿಲ್ಟನ್ನಿನ ವೇರ್‌ಹೌಸಿನಲ್ಲಿ ಕೆಲಸ, ನಲವತ್ತರ ಆಸುಪಾಸು. ಕಂಬಳಿ ಬಿಚ್ಚಿದರೆ ಒಳಗೆ ದೊಡ್ಡ ಅರ್ಧ ಸೋರೆಬುರುಡೆ, ಅದರ ಬಾಯಿಗೆ ಹೊದಿಸಿದ ಆಕಳ ಚರ್ಮ, ಉದ್ದನೆ ಕೋಲು, ಇಪ್ಪತ್ತೊಂದು ತಂತಿ.

“ಇದು ಕೋರಾ. ಅಪ್ಪನದು,” ಎಂದ. ಬುರುಡೆಯ ಬೆನ್ನಿಗೆ ಅಂಗೈಯುದ್ದದ ಬಿರುಕು ಬಿದ್ದಿತ್ತು.

ಅಪ್ಪ ಕೆಬ್ಬಾ ಕಾನುತೆ ಜನವರಿಯಲ್ಲಿ ತೀರಿಕೊಂಡಿದ್ದ. ಅವರದು ಜಾಲಿ ಎಂಬ ಹಾಡುಗಾರರ ಕುಲ. ಮನೆತನಗಳ ವಂಶಾವಳಿಯನ್ನು ಹಾಡಿನಲ್ಲಿ ಹಿಡಿದಿಡುವುದೇ ತಲೆಮಾರುಗಳ ಕಸುಬು. ಫೆಬ್ರವರಿ ಇಪ್ಪತ್ನಾಲ್ಕಕ್ಕೆ ನಲವತ್ತನೆಯ ದಿನ. ಅಂದು ಮಗ ಈ ಕೋರಾ ಹಿಡಿದು ತಮ್ಮದೇ ವಂಶಾವಳಿ ಹಾಡಬೇಕು.

“ತೊಂದರೆ ಏನೆಂದರೆ ನನಗೆ ಅದು ಅರ್ಧವೇ ಬರುತ್ತದೆ,” ಎಂದು ಸಂಕುಂಗ್ ತಲೆ ತಗ್ಗಿಸಿದ. “ಶಿಫ್ಟು, ಟ್ರಾಫಿಕ್ಕು, ಮುಂದಿನ ವಾರ ಕಲಿಯುತ್ತೇನೆ ಅಂತ ತಳ್ಳಿದೆ. ಕೊನೆಗೆ ಆಸ್ಪತ್ರೆಯಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು, ಉಳಿದದ್ದು ಬುರುಡೆಯೊಳಗಿದೆ ಅಂತ.”

ನೀಲಾಂಬಿಕಾಗೆ ಕನಿಕರವಾಯಿತು. ಮಾತು ಹೊಸದೆನಿಸಲಿಲ್ಲ. ಅವಳ ಅಪ್ಪನೂ ಹಾಗೇ, ಎಲ್ಲ ತಂಬೂರಿಯೊಳಗೇ ಇದೆ, ನುಡಿಸುತ್ತಾ ಹೋದರೆ ತಾನೇ ಹೊರಗೆ ಬರುತ್ತದೆ ಎನ್ನುತ್ತಿದ್ದ. ಕಲಿಸುವವರೆಲ್ಲ ಆಡುವ ಮಾತು ಎಂದುಕೊಂಡಳು.

ಚಹಾ ಕುಡಿಯುತ್ತ ಸಂಕುಂಗ್ ಅಪ್ಪನ ಬಗ್ಗೆ ಹೇಳಿದ. ಕೆಬ್ಬಾ ಚಿಕ್ಕವನಿದ್ದಾಗ ಬೆಳಿಗ್ಗೆ ಮರದ ಹಲಗೆಯ ಮೇಲೆ ಬರೆದ ಕುರಾನ್ ಓದುತ್ತಿದ್ದನಂತೆ, ಸಂಜೆ ತಂತಿ ಮೀಟುತ್ತಿದ್ದನಂತೆ. ಬೆಳಗಿನ ಓದಿನ ಎಳೆತ ಸಂಜೆಯ ಹಾಡಿಗೂ ಇಳಿಯಿತು. ಬಿಸ್ಮಿಲ್ಲಾ ಅನ್ನದೆ ತಂತಿ ಮುಟ್ಟುತ್ತಿರಲಿಲ್ಲ. “ಪ್ರವಾದಿಯನ್ನು ಮೊದಲು ಹೊಗಳಿ ಹಾಡಿದವನು ಸುರಕಟಾ, ನಮ್ಮ ಕುಲ ಅವನಿಂದಲೇ ಶುರು ಅಂತ ಹಿರಿಯರು ಹೇಳುತ್ತಾರೆ. ಹಾಡೂ ಅವನಿಂದಲೇ ಶುರು. ಆದರೆ ಕೋರಾವನ್ನು ಅಪ್ಪ ಮಸೀದಿಯ ಹೊಸ್ತಿಲು ದಾಟಿಸಿದವನಲ್ಲ. ಕಾರಿನಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದ.”

“ನಮ್ಮ ಮಿರಜ್ ಉಸ್ತಾದರೂ ಹಂಗ ಇದ್ರಂತ ನಿಮ್ಮಪ್ಪ ಹೇಳ್ತಿದ್ದ,” ಎಂದಳು ಚನ್ನಬಸವ್ವ, ಮಗಳು ಅದನ್ನು ಕನ್ನಡದಲ್ಲಿ ಹೇಳಿದ್ದು ಕೇಳಿ, ಕೌದಿಯಿಂದ ತಲೆಯೆತ್ತದೆ. “ನಮಾಜ್ ಮಾಡಿ ಬಂದು ಸರಸ್ವತಿ ಪೂಜೆಗೆ ತಂಬೂರಿ ಸುರ ಹಚ್ಚಿ ಕೊಡ್ತಿದ್ರಂತ.”

ಮರುದಿನ ನೀಲಾಂಬಿಕಾ ತಂತಿ ಇಳಿಸಿ, ಚರ್ಮ ನೆನೆಸಿ, ಮೊಳೆ ಕಿತ್ತು ಬುರುಡೆಯನ್ನು ಬಿಡಿಸಿಕೊಂಡಳು. ಒಳಮೈ ಪೂರ್ತಿ ಕಪ್ಪು ಕಪ್ಪು ಕಲೆ. ಯಾವುದೋ ಬೇಸ್‌ಮೆಂಟಿನ ತೇವಕ್ಕೆ ಹಿಡಿದ ಬೂಷ್ಟು ಎಂದು ಅವಳ ಲೆಕ್ಕ. ಬುರುಡೆಗೆ ಪಟ್ಟಿ ಅಂಟಿಸುವ ಮೊದಲು ಬೇವಿನೆಲೆ ಅರಿಶಿನ ಹಾಕಿ ಕುದಿಸಿದ ನೀರಿನಿಂದ ಒಳಗೆ ತೊಳೆಯುವುದು ಅಪ್ಪನ ಪದ್ಧತಿ, ಹುಳ ಹಿಡಿಯುವುದಿಲ್ಲ. ಅದರಂತೆ ಬೆಚ್ಚಗಿನ ನೀರು ಹೊಯ್ದು ಬಟ್ಟೆಯಿಂದ ತಿಕ್ಕಿದಳು. ಕಪ್ಪು ಸರಾಗವಾಗಿ ಬಿಟ್ಟುಕೊಂಡಿತು. ಬೂಷ್ಟು ಇಷ್ಟು ಸುಲಭಕ್ಕೆ ಹೋಗುವುದಿಲ್ಲವಲ್ಲ ಎಂಬ ಅನುಮಾನ ಬರುವ ಹೊತ್ತಿಗೆ ಅಂಚಿನಲ್ಲಿ ಮಾತ್ರ ಒಂದಿಷ್ಟು ಉಳಿದಿತ್ತು. ಬೆಳಕಿಗೆ ಹಿಡಿದು ನೋಡಿದಳು. ಅದು ಕಲೆಯಲ್ಲ, ಬರಹ. ಬಲದಿಂದ ಎಡಕ್ಕೆ ಸಾಲಾಗಿ ಬಾಗಿದ ಸಣ್ಣ ಅರಬ್ಬಿ ಅಕ್ಷರಗಳು. ಮಿರಜಿನ ಉಸ್ತಾದರ ಅಂಗಡಿಯ ಗೋಡೆಯ ಮೇಲೆ ಅವಳು ಅಂಥ ಅಕ್ಷರ ಕಂಡಿದ್ದಳು.

ಉಳಿದದ್ದು ಬುರುಡೆಯೊಳಗಿದೆ. ಆ ಮುದುಕ ಉಪಮೆ ಹೇಳಿರಲಿಲ್ಲ, ವಿಳಾಸ ಹೇಳಿದ್ದ.

ಆದರೂ ಅವಳು ಆ ನೀರನ್ನು ಸಿಂಕಿಗೆ ಚೆಲ್ಲಲಿಲ್ಲ. ವಾದ್ಯ ತೊಳೆದ ನೀರು ಕಾಲು ಬೀಳುವಲ್ಲಿ ಹೋಗಬಾರದು, ಗಿಡದ ಬುಡಕ್ಕೆ ಹಾಕಬೇಕು. ಅದೂ ಅಪ್ಪನ ಪದ್ಧತಿಯೇ. ಮನೆಗೆ ಹೋಗುವಾಗ ಕರಿಬೇವಿನ ಕುಂಡಕ್ಕೆಂದು ಒಯ್ಯಲು ಹಿತ್ತಾಳೆ ತಂಬಿಗೆಗೆ ಬಗ್ಗಿಸಿ, ತಟ್ಟೆ ಮುಚ್ಚಿ ಕಿಟಕಿಯಲ್ಲಿಟ್ಟಳು. ಆಮೇಲೆ ಹೊರಗೆ ಹಿಮದಲ್ಲಿ ನಿಂತು ಗಂಡ ಪ್ರಮೋದನಿಗೆ ಫೋನು ಮಾಡಿದಳು. ವಿಟ್ಬಿಯಲ್ಲಿ ಶಿಫ್ಟಿನಲ್ಲಿದ್ದ ಅವನು, ರಿಪೇರಿ ಮಾಡಿ ಕೊಟ್ಟುಬಿಡು, ಯಾರು ಒಳಗೆ ಇಣುಕಿ ನೋಡ್ತಾರೆ ಎಂದ. ಅವಳಿಗೆ ಆ ಸಲಹೆ ಹಿಡಿಸಿತು. ಹಿಡಿಸಿತಲ್ಲ ಎಂದು ನಾಚಿಕೆಯೂ ಆಯಿತು.

ಒಳಗೆ ಬಂದರೆ ತಂಬಿಗೆ ಬರಿದಾಗಿತ್ತು.

“ಯವ್ವಾ, ಇದರಾಗಿನ ನೀರ ಎಲ್ಲಿ?”

“ಕಷಾಯ ಅಲ್ಲೇನ ಅದು? ಕುಡದ್ನಿ,” ಎಂದಳು ಚನ್ನಬಸವ್ವ. ದಿನಾ ಮಧ್ಯಾಹ್ನ ಅದೇ ತಂಬಿಗೆಯಲ್ಲಿ ಅವಳಿಗೆ ಬೇವು ಅರಿಶಿನದ ಕಷಾಯ ಇರುತ್ತಿತ್ತು. “ಇವತ್ತ ಭಾಳ ಕಹಿ ಮಾಡಿದ್ದಿ ನೋಡು. ತಳದಾಗ ಇದ್ದಲಿ ಬೂದಿ ಇದ್ದಂಗ ಇತ್ತು.”

ಹೊಟ್ಟೆ ಕೆಡುತ್ತದೇನೋ ಎಂದು ನೀಲಾಂಬಿಕಾ ಸಂಜೆಯವರೆಗೂ ಕಾದಳು. ಹೊಟ್ಟೆಗೇನೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಹೊರಗೆ ಬಿಸಿಲು, ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಬುರುಡೆಗೆ ಪಟ್ಟಿ ಅಂಟಿಸುತ್ತಿದ್ದ ನೀಲಾಂಬಿಕಾಗೆ ಹಾಡು ಕೇಳಿಸಿತು. ಅವ್ವ ಗುನುಗುವುದು ಹೊಸದಲ್ಲ. ಆದರೆ ಈ ರಾಗ ಬೇರೆ. ಒಂದೇ ಉಸಿರಿಗೆ ಮೇಲೇರಿ, ಅಲ್ಲಿ ತುಸು ನಡುಗಿ, ಮಸೀದಿಯ ಬಾಂಗಿನ ಕೊನೆಯ ಹಾಗೆ ಸುತ್ತಿ ಸುತ್ತಿ ಇಳಿಯಿತು. ಮಾತುಗಳು ಯಾವ ಭಾಷೆಯವೋ. ಒಂದು ಮಾತ್ರ ತಿಳಿಯಿತು. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದ ಚನ್ನಬಸವ್ವ ಸ್ಪಷ್ಟವಾಗಿ “ಬಿಸ್ಮಿಲ್ಲಾ” ಎಂದಿದ್ದಳು. ಸೂಜಿ ನೆಲಕ್ಕೆ ಬಿದ್ದಿತ್ತು. ಅವಳ ಎರಡೂ ಹೆಬ್ಬೆರಳು ಗಾಳಿಯಲ್ಲಿ ಏನನ್ನೋ ಮೀಟುತ್ತಿದ್ದವು.

ನೀಲಾಂಬಿಕಾಳ ಅಂಗೈ ಕೆಳಗೆ ಬುರುಡೆ ಝುಂ ಎಂದಿತು. ಚರ್ಮವಿಲ್ಲ, ತಂತಿಯಿಲ್ಲ, ಬರೀ ಸಿಪ್ಪೆ. ಅವ್ವ ಏರಿದಲ್ಲಿ ಏರಿ, ಇಳಿದಲ್ಲಿ ಇಳಿಯಿತು. ಅವಳು ಕೈ ಕಿತ್ತುಕೊಂಡಳು.

“ಯವ್ವಾ, ಏನ ಹಾಡಾಕತ್ತೀದಿ?”

ಚನ್ನಬಸವ್ವ ನಿದ್ದೆಯಿಂದೆದ್ದವಳ ಹಾಗೆ ನೋಡಿದಳು. “ನಾನೆಲ್ಲಿ ಹಾಡಿದ್ನಿ? ಸುಮ್ನ ಕುಂತೇನಲ್ಲ.”

“ಹಂಗಾರ ಒಂದ ಮೊಹರಮ್ ಪದ ಅನ್ನು.”

ಚನ್ನಬಸವ್ವ ಗಂಟಲು ಸರಿಪಡಿಸಿಕೊಂಡು ಮೊದಲ ಸಾಲು ಎತ್ತಿದಳು. ಎರಡನೆಯ ಸಾಲು ಬರಲಿಲ್ಲ. ಇನ್ನೊಂದು ಪದ ಎತ್ತಿದಳು, ಅದೂ ಬರಲಿಲ್ಲ. ಇಡೀ ಊರನ್ನು ಬಾಯಲ್ಲಿಟ್ಟುಕೊಂಡಿದ್ದ ಹೆಂಗಸು ಬಾಯಿ ತೆರೆದು ಸುಮ್ಮನೆ ಕೂತಳು. ಆಮೇಲೆ ನಕ್ಕಳು. ಆ ನಗೆ ನೋಡಿ ನೀಲಾಂಬಿಕಾಗೆ ಅಳು ಬಂತು.

ದಿನವೂ ಬೆಳಿಗ್ಗೆ ಹಾಡು ಬಂತು, ದಿನವೂ ಏನೋ ಒಂದು ಹೋಯಿತು. ಮೊದಲು ಪದಗಳು, ಆಮೇಲೆ ತವರಿನ ಓಣಿಗಳು. ಒಂದು ದಿನ ಹೆತ್ತ ತಾಯಿ ನಿಂಗವ್ವನ ಮುಖವೇ ಹೋಯಿತು, ಹೆಸರು ಮಾತ್ರ ಉಳಿಯಿತು. ಡಾಕ್ಟರು ವಯಸ್ಸಿನದು ಎಂದು ಹೇಳಿ ಸ್ಪೆಷಲಿಸ್ಟರ ಅಪಾಯಿಂಟ್‌ಮೆಂಟು ಏಪ್ರಿಲ್‌ಗೆ ಬರೆದುಕೊಟ್ಟರು. ಪ್ರಮೋದನೂ ವಯಸ್ಸಾದ ಮೇಲೆ ಮರೆವು ಸಹಜ ಎಂದ. ಅವನ ತಪ್ಪೇನಿದೆ, ಬುರುಡೆ ಝುಂ ಎಂದದ್ದು ಅವನ ಕೈಗೆ ತಾಗಿರಲಿಲ್ಲ. ನೀಲಾಂಬಿಕಾ ಬುರುಡೆಯನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟು ನೋಡಿದಳು. ಹಾಡು ನಿಲ್ಲಲಿಲ್ಲ, ಡಿಕ್ಕಿಯೂ ಝುಂಗುಟ್ಟತೊಡಗಿತು. ಆರನೆಯ ದಿನ ಅವಳು ಸಂಕುಂಗ್‌ಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟಳು.

ಅವನು ಅರ್ಧ ಶಿಫ್ಟು ಬಿಟ್ಟು ಮಿಲ್ಟನ್‌ನಿಂದ ಬಂದ. ಕೂಗಾಡುತ್ತಾನೆಂದು ಅವಳು ಕಾದಿದ್ದಳು, ಕೂಗಾಡಲಿಲ್ಲ. ಬುರುಡೆಯ ಅಂಚಿನಲ್ಲಿ ಉಳಿದ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿದ. “ಹೋದ ಶರತ್ಕಾಲದಲ್ಲಿ ಅಪ್ಪ ತಾನೇ ಚರ್ಮ ಬಿಚ್ಚಿ ಮತ್ತೆ ಹೊದಿಸಿದ್ದ. ಯಾಕೆ ಅಂತ ನಾನು ಕೇಳಲೂ ಇಲ್ಲ,” ಎಂದ. “ಅಕ್ಷರ ಅರಬ್ಬಿ, ಭಾಷೆ ನಮ್ಮ ಮಂಡಿಂಕಾ. ನಡುನಡುವೆ ಕುರಾನಿನ ವಾಕ್ಯ.”

ಅಷ್ಟರಲ್ಲಿ ಕಿಟಕಿಯ ಬಳಿಯಿಂದ ಹಾಡು ಎದ್ದಿತು. ಸಂಕುಂಗ್ ಬುರುಡೆ ಬಿಟ್ಟು ಅತ್ತ ತಿರುಗಿದ.

“ಅಪ್ಪನ ಗಂಟಲು,” ಎಂದ ಪಿಸುದನಿಯಲ್ಲಿ. “ಅದೇ ಅಲ್ಲಿ ಉಸಿರು ತಗೊಳ್ಳುತ್ತಿದ್ದ.”

ಹಾಡು ನಿಂತ ಮೇಲೆ ಅವನು ವಿವರಿಸಿದ. ಅವರ ಊರಲ್ಲಿ ಕುರಾನ್ ಕಲಿಸುವವರು ಮಸಿಯಿಂದ ಹಲಗೆಯ ಮೇಲೆ ವಾಕ್ಯ ಬರೆದು ತೊಳೆಯುತ್ತಾರೆ. ಆ ನೀರಿಗೆ ನಾಸೋ ಎನ್ನುತ್ತಾರೆ. ಅದನ್ನು ಚೆಲ್ಲುವುದಿಲ್ಲ, ಬೇಕಾದವರಿಗೆ ಕುಡಿಸುತ್ತಾರೆ. ಬರೆದದ್ದು ಕುಡಿದವರ ಮೈಸೇರುತ್ತದೆಂದು ನಂಬಿಕೆ. “ಅಪ್ಪ ಅದನ್ನು ನನಗೆಂದು ಬರೆದದ್ದು. ನಾನು ತೊಳೆದು ನಾನೇ ಕುಡಿಯಬೇಕಿತ್ತೋ ಏನೋ.”

“ಅವ್ವನದು ಯಾಕೆ ಹೋಗ್ತಾ ಇದೆ?” ನೀಲಾಂಬಿಕಾಗೆ ಬೇಕಿದ್ದದ್ದು ಅದೊಂದೇ.

“ಗೊತ್ತಿಲ್ಲ. ನಮ್ಮ ಹಾಡು ತುಂಬ ದೊಡ್ಡದು. ಇಡೀ ಮನುಷ್ಯನಷ್ಟು ಜಾಗ ಕೇಳುತ್ತದೆ.” ಅವನು ಕಿಟಕಿಯತ್ತ ನೋಡಿದ. “ದಿನಾ ಶುರುವಾಗಿ ನಡುವೆ ನಿಲ್ಲುತ್ತಿದೆ, ಮತ್ತೆ ಮೊದಲಿನಿಂದ ಶುರು. ವಂಶಾವಳಿ ಎದುರು ಕೂತ ಮನುಷ್ಯನ ಹೆಸರಿಗೆ ಬಂದು ಮುಟ್ಟಿದರೆ ಮಾತ್ರ ಮುಗಿಯುತ್ತದೆ. ಮುಗಿಸಿದರೆ ಬಿಟ್ಟುಹೋಗಬಹುದು. ಮುಗಿಸುವುದರೊಳಗೆ ಇನ್ನೆಷ್ಟು ಹೋಗುತ್ತದೋ ಹೇಳಲಾರೆ. ನೀವು ಬೇಡ ಅಂದರೆ ನಾನು ಅರ್ಧವೇ ಹಾಡುತ್ತೇನೆ. ನನ್ನ ಸೋಮಾರಿತನಕ್ಕೆ ನಿಮ್ಮ ತಾಯಿ ದಂಡ ತೆರಬೇಕಿಲ್ಲ.”

ನೀಲಾಂಬಿಕಾ ಬೇಡ ಎಂದಳು. ಬಾಯಿಬಿಟ್ಟೇ ಅಂದಳು. ಅವರ ಏಳು ತಲೆಮಾರು ಹಾಳಾಗಲಿ, ತನಗೆ ತನ್ನ ತಾಯಿ ಬೇಕು. ಅವನು ಹೋದ ಮೇಲೆ ಚನ್ನಬಸವ್ವ ಸೂಜಿಗೆ ದಾರ ಪೋಣಿಸುತ್ತ, ಅವ ಏನಂದ ಎಂದು ಕೇಳಿದಳು. ಸುಳ್ಳು ಹೇಳಲು ನೀಲಾಂಬಿಕಾಗೆ ಬಾಯಿ ಬರಲಿಲ್ಲ.

“ಮಂದಿ ಮನಿ ಸಾಮಾನು ನನ್ನ ಬಾಯಾಗ ಐತಿ ಅಂದಂಗಾತು,” ಎಂದಳು ಚನ್ನಬಸವ್ವ. “ಕೊಟ್ಟ ಬರೂಣು.”

“ಬ್ಯಾಡ ಯವ್ವಾ. ನಿನಗ ನಿಂದ ಏನೂ ಉಳಿಯಂಗಿಲ್ಲ.”

“ಹಂಗೂ ಹೊಂಟೈತಿ. ಕುಂತಲ್ಲೇ ಸೋರಿ ಹೋಗೂದಕ್ಕಿಂತ ಒಬ್ಬರ ಮನಿ ಬೆಳಕಾಗಿ ಹೋಗ್ಲಿ. ನಡುವ ಬಾಯಿ ಮುಚ್ಚಸಾಕ ಬರಬ್ಯಾಡ ಮತ್ತ.” ದಾರಕ್ಕೆ ಗಂಟು ಹಾಕುತ್ತ ಸಣ್ಣ ದನಿಯಲ್ಲಿ, “ನನಗೂ ಅಂಜಿಕಿ ಐತಿ, ನೀಲಾ,” ಎಂದಳು.

ಇಪ್ಪತ್ನಾಲ್ಕನೆಯ ತಾರೀಕು ಶನಿವಾರ ಮಧ್ಯಾಹ್ನ, ಸ್ಕಾರ್‌ಬರೋದ ಒಂದು ಅಪಾರ್ಟ್‌ಮೆಂಟಿನ ಪಾರ್ಟಿ ರೂಮು. ಬಿಳಿ ನಿಲುವಂಗಿಯ ಗಂಡಸರು, ದೊಡ್ಡ ಮುಂಡಾಸಿನ ಹೆಂಗಸರು, ತಟ್ಟೆ ತುಂಬ ಅನ್ನ, ಮೀನು. ಇಮಾಮರು ಕುರಾನ್ ಓದಿದರು, ದುವಾ ಮಾಡಿದರು, ಊಟ ಮಾಡಿದರು. ಗೋಡೆಗೊರಗಿದ ಕೋರಾದ ಕಡೆ ಒಮ್ಮೆ ನೋಡಿ, ಇನ್ನೊಂದು ಕಡೆ ಹೋಗುವುದಿದೆ ಎಂದು ಸೌಜನ್ಯದಿಂದಲೇ ಎದ್ದರು. ಕೆಬ್ಬಾನ ಹೆಂಡತಿ ಜೈನಬಾ ಹಣ್ಣುಹಣ್ಣು ಮುದುಕಿ. ಅವಳು ನಕ್ಕು ನೀಲಾಂಬಿಕಾಗೆ, “ನನ್ನ ಗಂಡನೂ ಹೀಗೇ ಇಮಾಮರ ಚಪ್ಪಲಿ ಬಾಗಿಲು ದಾಟುವುದನ್ನೇ ಕಾಯುತ್ತಿದ್ದ,” ಎಂದಳು.

ಸಂಕುಂಗ್ ತನ್ನ ತಾಯಿಯನ್ನು ಒಂದು ಪಕ್ಕ, ಚನ್ನಬಸವ್ವನನ್ನು ನಡುವೆ ಕೂರಿಸಿದ. ತಾನು ಎದುರು ಕೂತು ಕೋರಾ ಹಿಡಿದು ಬಿಸ್ಮಿಲ್ಲಾ ಎಂದ. ನೀಲಾಂಬಿಕಾ ಹೊದಿಸಿದ್ದ ಚರ್ಮ ಚೆನ್ನಾಗಿ ಬಿಗಿದಿತ್ತು, ತಂತಿಗಳ ನಾದ ಹನಿಹನಿಯಾಗಿ ತೊಟ್ಟಿಕ್ಕಿತು. ಅಷ್ಟು ಅಪರಿಚಿತ ಮುಖ ಕಂಡು ಚನ್ನಬಸವ್ವ ಸೆರಗಿನ ಅಂಚು ಹಿಚುಕತೊಡಗಿದಳು. ನೀಲಾಂಬಿಕಾಗೆ ತಡೆಯಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಹೋಗಿ ಸಂಕುಂಗ್‌ನ ಪಕ್ಕದಲ್ಲೇ, ಅವ್ವನಿಗೆ ಎದುರಾಗಿ ಕೂತಳು. ತನ್ನ ಮುಖ ಕಂಡರೆ ಅವಳಿಗೆ ಹೆದರಿಕೆ ಕಡಿಮೆಯಾದೀತೆಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ಚನ್ನಬಸವ್ವ ಹಾಡಿದಳು. ಇಳಕಲ್ ಸೀರೆಯುಟ್ಟ ಮುದುಕಿಯ ಬಾಯಿಂದ ಗಂಡು ದನಿ ಬಂತು. ತಟ್ಟೆಗಳ ಸದ್ದು ನಿಂತಿತು. ಸುರಕಟಾನಿಂದ ಹಿಡಿದು ಹೆಸರಿನ ಹಿಂದೆ ಹೆಸರು. ಪ್ರತಿ ಹೆಸರಿಗೂ ಜನ ಬಾಯಲ್ಲೇ “ನಾಮು” ಎಂದು ಹೂಂಗುಟ್ಟಿದರು. ಜೈನಬಾ ಎದ್ದು ಹತ್ತಿರ ಬಂದು ಚನ್ನಬಸವ್ವನ ಕಣ್ಣೊಳಗೆ ಬಗ್ಗಿ ನೋಡಿದಳು. ಏನು ಕಂಡಳೋ, ತಲೆಯ ಮೇಲಿನ ಬಟ್ಟೆಯನ್ನು ಸರಿಯಾಗಿ ಎಳೆದುಕೊಂಡು, ಗಂಡನೆದುರು ಕೂರುವ ಹಾಗೆ ತಗ್ಗಿ ಕೂತಳು. ಸಂಕುಂಗ್‌ಗೆ ಬಾರದಿದ್ದ ಅರ್ಧವೂ ಬಂತು. ಅವನು ತುಟಿ ಅಲ್ಲಾಡಿಸುತ್ತ ಒಂದೊಂದು ಹೆಸರನ್ನೂ ಹಿಡಿದುಕೊಂಡ. ಅವನ ಅಜ್ಜ, ಆಮೇಲೆ ಕೆಬ್ಬಾ, ಆಮೇಲೆ ಸಂಕುಂಗ್. ತನ್ನ ಹೆಸರು ಕೇಳಿದ್ದೇ ಅವನು ಅತ್ತುಬಿಟ್ಟ. ಕಣ್ಣೀರು ಚರ್ಮದ ಮೇಲೆ ಬಿತ್ತು, ಅವನು ತಂತಿ ಬಿಟ್ಟ.

ಹಾಡು ನಿಲ್ಲಲಿಲ್ಲ.

ಎದುರು ಕೂತವರು ಇಬ್ಬರಿದ್ದರು. ಅದು ನೀಲಾಂಬಿಕಾಗೆ ಹೊಳೆದದ್ದು ಆಗಲೇ. ಅದೇ ರಾಗದಲ್ಲಿ, ಆದರೆ ಈಗ ಅವ್ವನ ಸ್ವಂತ ದನಿಯಲ್ಲಿ, ಕನ್ನಡದ ಹೆಸರುಗಳು ಬರತೊಡಗಿದವು. ತವರಿನ ಮುತ್ತಜ್ಜ ಗದಿಗೆಪ್ಪ. ಅವನ ಸೊಸೆ ಕಲಾವತಿ. ನಿಂಗವ್ವ. ಯಾರು ಯಾವ ಊರಿನವರು, ಯಾರ ಕೈಯಲ್ಲಿ ಯಾವ ಕಸುಬು, ಎಲ್ಲ. ಹತ್ತೊಂಬತ್ತು ದಿನದಿಂದ ಸೋರಿಹೋಗಿದ್ದದ್ದು ಪೂರ್ತಿಯಾಗಿ ಬರುತ್ತಿತ್ತು. ಬಂದದ್ದು ಬಂದ ಹಾಗೇ ಅವ್ವನ ಮುಖದಿಂದ ಅಳಿಸಿಹೋಗುತ್ತಿತ್ತು. ಒಂದು ಹೆಸರು ಹಾಡಿದಳೆಂದರೆ ಆ ಹೆಸರಿಗಿದ್ದ ಗೆರೆಯೊಂದು ಕಣ್ಣ ಸುತ್ತ ಸಡಿಲವಾಗುತ್ತಿತ್ತು. ನೀಲಾಂಬಿಕಾಳ ಅಪ್ಪನ ಹೆಸರು ಮುರಿಗೆಪ್ಪ ಬಂತು, ಹೋಯಿತು. ಇನ್ನುಳಿದಿದ್ದು ಒಂದೇ.

ಎದ್ದು ಆ ಬಾಯಿ ಮುಚ್ಚಿದರೆ ಆಯಿತು. ನೀಲಾಂಬಿಕಾಳ ಕೈ ಮೇಲೆದ್ದಿತು. ಅವ್ವ ಬೇಡವೆಂದಿದ್ದಳು, ಆದರೆ ಅವಳನ್ನು ತಡೆದದ್ದು ಆ ಮಾತಲ್ಲ. ತನ್ನ ಹೆಸರು ಅವ್ವನ ಬಾಯಲ್ಲಿ ಆ ರಾಗದಲ್ಲಿ ಕೇಳಬೇಕೆಂಬ ಆಸೆ ಅವಳನ್ನು ಕುರ್ಚಿಗೆ ಅಂಟಿಸಿಬಿಟ್ಟಿತು. ಇಷ್ಟು ದುರಾಸೆ ತನ್ನೊಳಗಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.

“ನೀಲಾಂಬಿಕಾ,” ಎಂದು ಚನ್ನಬಸವ್ವ ಹಾಡಿದಳು. ಮೇಲೇರಿಸಿ, ಅಲ್ಲಿ ತುಸು ನಿಲ್ಲಿಸಿ, ಸುತ್ತಿ ಸುತ್ತಿ ಇಳಿಸಿದಳು. ಅವಳಿಗೆ ನಾಮಕರಣದ ದಿನವೂ ಯಾರೂ ಅಷ್ಟು ಚಂದ ಹೆಸರಿಟ್ಟಿರಲಾರರು. ಸುತ್ತ ಕೂತವರೆಲ್ಲ ಒಟ್ಟಿಗೆ “ನಾಮು” ಎಂದರು. ಸಂಕುಂಗ್ ಕಸುಬಿನವನ ಹಾಗೆ ಆ ಹೆಸರನ್ನು ಎರಡು ಸಲ ತಿರುಗಿ ಹೇಳಿ ಉಳಿಸಿಕೊಂಡ. ಹಾಡು ಮುಗಿಯಿತು. ಕೋರಾ ಬರೀ ಮರ, ಚರ್ಮ, ಬುರುಡೆಯಾಗಿ ಅವನ ಮಡಿಲಲ್ಲಿ ಸುಮ್ಮನಿತ್ತು.

ಯಾರೋ ನೀರು ತಂದುಕೊಟ್ಟರು. ನೀಲಾಂಬಿಕಾ ಮೊಣಕಾಲೂರಿ ಅವ್ವನಿಗೆ ಕುಡಿಸಿದಳು. ಚನ್ನಬಸವ್ವ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಸುತ್ತಲಿನ ಮುಖಗಳನ್ನೆಲ್ಲ ನೋಡಿ, ಕೊನೆಗೆ ಎದುರಿನ ಮುಖದಲ್ಲಿ ಕಣ್ಣು ನಿಲ್ಲಿಸಿದಳು. ಕಣ್ಣು ತಿಳಿಯಾಗಿದ್ದವು. ಹೆದರಿಕೆ ಒಂದಿಷ್ಟೂ ಇರಲಿಲ್ಲ.

“ಭಾಳ ಉಪಕಾರ ಆತರಿ,” ಎಂದಳು, ಮರ್ಯಾದೆಯಿಂದ. “ನಿಮ್ಮ ಮಾತ ಕೇಳಿದ್ರ ನಮ್ಮ ಕಡಿಯವ್ರ ಇದ್ದಂಗ ಕಾಣ್ತೀರಿ. ಯಾವೂರ್ರಿ ನಿಮ್ದು?”

“ಧಾರವಾಡ ರೀ,” ಎಂದಳು ನೀಲಾಂಬಿಕಾ.

“ಹೌದ? ಇಷ್ಟ ದೂರ ಬಂದೀರಿ. ನಿಮ್ಮವ್ವ ನಿಮ್ಮ ದಾರಿ ನೋಡ್ತಿರಬೇಕಲ್ಲರೀ.”